ಉಡಿಯಕ್ಕಿ

ಪುಣೆ ಕ್ಯಾಂಪಿನ ಹಳೇ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮ ಬಟ್ಟೆ ಅಂಗಡಿ ಒಂದಿದ್ದದ್ದು ಎರಡಾದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅವ್ವ ಎಂಟನೆಯದು ಎನ್ನುತ್ತಾಳೆ. ಅವಳು ಹೇಳುವುದೇ ಸರಿ ಇರಬೇಕು. ನನ್ನ ನೆನಪಿಗೆ ಒಂದು ಚಾಳಿ ಇದೆ: ಕೆಟ್ಟದ್ದು ನಡೆದಾಗಲೆಲ್ಲ ಅದು ನನ್ನನ್ನು ಇದ್ದದ್ದಕ್ಕಿಂತ ಚಿಕ್ಕವಳನ್ನಾಗಿ ಮಾಡುತ್ತದೆ. ಹೀಗಾಗಿ ನಾನು ಕಣ್ಣಾರೆ ಕಂಡದ್ದು ಯಾವುದು, ಯಾರೋ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಬರೆಯುತ್ತೇನೆ.

ನಮ್ಮಪ್ಪ ಮತ್ತು ಅವನ ಅಪ್ಪ ವಿಜಯಪುರದ ಕಡೆಯ ಒಂದೇ ಊರಿನವರು. ಹರೆಯದಲ್ಲಿ ಜೊತೆಯಾಗಿ ಪುಣೆಗೆ ಬಂದು, ಇಳಕಲ್ ಸೀರೆ, ಗುಳೇದಗುಡ್ಡದ ಖಣ ತರಿಸಿ ಮಾರತೊಡಗಿದರು. ಖಣವೆಂದರೆ ನಮ್ಮ ಕಡೆಯ ಹೆಂಗಸರ ಕುಪ್ಪಸದ ಬಟ್ಟೆ. ಪುಣೆಯ ಹೆಂಗಸರೂ ಅದಕ್ಕೆ ಮೊದಲಿನಿಂದ ಗಿರಾಕಿಗಳು. ಇಬ್ಬರೂ ಒಬ್ಬರಿಗೊಬ್ಬರು ಅಣ್ಣ, ತಮ್ಮ ಎನ್ನುತ್ತಿದ್ದರು. ನಾವು ಮಕ್ಕಳು ಶಾಲೆ ಬಿಟ್ಟ ಮೇಲೆ ಅಂಗಡಿಯ ಹಿಂದೆ ಸೀರೆಯ ಗಂಟುಗಳ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದೆವು. ‘ಅವನು’ ಎಂದು ನಾನು ಬರೆಯುವವನು ಆ ಮನೆಯ ಒಬ್ಬನೇ ಮಗ. ನನಗಿಂತ ಸ್ವಲ್ಪ ದೊಡ್ಡವನು. ಅವನ ಅಪ್ಪ ನನಗೆ ಕಾಕಾ, ಅವ್ವ ಕಾಕೂ. ನಮ್ಮಪ್ಪನೂ ಅವನಿಗೆ ಕಾಕಾ.

ಅಂಗಡಿ ಯಾಕೆ ಒಡೆಯಿತು ಎಂದು ಗಂಡಸರನ್ನು ಕೇಳಿದರೆ ವ್ಯವಹಾರದ ಮಾತು ಹೇಳುತ್ತಾರೆ. ಹೆಂಗಸರು ಹೇಳುವುದೇ ಬೇರೆ. ನಮ್ಮಕ್ಕ ಚೊಚ್ಚಲ ಬಸುರಿಯಾಗಿದ್ದಾಗ ಮನೆಯಲ್ಲಿ ಅವಳಿಗೆ ಕುಬಸ ಮಾಡಿದರು. ಬಂದ ಮುತ್ತೈದೆಯರು ಹೊರಡುವಾಗ ಒಬ್ಬೊಬ್ಬರಿಗೂ ಉಡಿ ತುಂಬಬೇಕು. ಸೆರಗು ಒಡ್ಡಿದವಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಒಂದು ಖಣ. ಯಾವ ಹೆಂಗಸೂ ಖಾಲಿ ಉಡಿಯಲ್ಲಿ ಹೊಸ್ತಿಲು ದಾಟಬಾರದು. ಅವತ್ತು ಕಾಕೂ ದಾಟಿದರು. ಅಪ್ಪನ ತಂಗಿ ತುಂಬಿರಬೇಕೆಂದು ಅವ್ವ ತಿಳಿದಳಂತೆ, ಅವ್ವ ತುಂಬಿರಬೇಕೆಂದು ಆ ಅತ್ತೆ ತಿಳಿದಳಂತೆ. ಕಾಕೂ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಮೆಟ್ಟಿ ಹೋದರು. ಇದು ನಾನು ಕಂಡದ್ದಲ್ಲ, ಕೇಳಿದ್ದು.

ಮರುದಿನ ಅಂಗಡಿಯಲ್ಲಿ ನಡೆದದ್ದಕ್ಕೆ ಮಾತ್ರ ನಾನು ಸಾಕ್ಷಿ.

“ಅಣ್ಣಾ, ನನ್ನ ಹೆಂಡ್ತಿ ನಿನ್ನ ಮನಿಯಿಂದ ಖಾಲಿ ಉಡಿಲೆ ಬಂದಾಳ,” ಎಂದರು ಕಾಕಾ.

“ಮರತಿರಬೇಕೋ ಮಾರಾಯಾ. ಇವತ್ತ ಬಂದು ತುಂಬಿಸಿಕೊಂಡು ಹೋಗ್ಲಿ.”

“ಕರದು ತುಂಬತಾರ. ಬಂದು ಬೇಡಾಕ ಆಕಿ ಭಿಕ್ಷುಕಿ ಅಲ್ಲ.”

“ಹಿಡಿ ಅಕ್ಕಿಗೆ ಅಂಗಡಿ ಒಡೀತೀಯೇನು ಹಂಗಾರ?”

ಆ ‘ಹಿಡಿ ಅಕ್ಕಿ’ ಎನ್ನುವುದನ್ನು ಅಪ್ಪ ಅನ್ನಬಾರದಿತ್ತು. ಮಾತಿಗೆ ಮಾತು ಬೆಳೆದು ಕೊನೆಗೆ ನಮ್ಮ ಕಡೆ ಸಂಬಂಧ ಹರಿಯಲು ಯಾವ ಮಾತು ಬೇಕೋ ಆ ಮಾತೂ ಬಂತು. “ನೀ ಸತ್ರ ನಿನ್ನ ಮಣ್ಣಿಗೆ ಬರಂಗಿಲ್ಲ,” ಎಂದರು ಅಪ್ಪ. “ನಾನೂ ಬರಂಗಿಲ್ಲ,” ಎಂದರು ಕಾಕಾ. ಕೆಲವು ದಿನಗಳಲ್ಲಿ ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಕಪಾಟು ಹಂಚಿಕೊಂಡರು, ಊರ ಕಡೆಯ ನೇಕಾರರನ್ನೂ ಹಂಚಿಕೊಂಡರು: ಈ ಮನೆಯವರು ನಮಗೆ ನೇಯಬೇಕು, ಆ ಮನೆಯವರು ನಿಮಗೆ. ಅವರ ಮನೆಯ ನೀರು ನಮಗಿಲ್ಲ, ನಮ್ಮದು ಅವರಿಗಿಲ್ಲ.

ಪ್ಲೈವುಡ್ ತೆಳ್ಳಗಿತ್ತು. ನಾನು ಎಂ.ಎ. ಓದುವಾಗ ರವಿವಾರ ಅಂಗಡಿಯಲ್ಲಿ ಕೂರುತ್ತಿದ್ದೆ. ಅಷ್ಟೊತ್ತಿಗೆ ಅವನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸೊಲ್ಲಾಪುರ ರಸ್ತೆಯ ಕುರಕುಂಭದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆ ಇದ್ದ ರವಿವಾರ ಅವನೂ ಆಚೆ ಕೂರುತ್ತಿದ್ದ. ಎಷ್ಟೋ ವರ್ಷ ಮಾತಿಲ್ಲದ ನಾವು ಮೊದಲು ಮಾತಾಡಿದ್ದು ಗಿರಾಕಿಗಳ ಮೂಲಕ. ಅವನು ಯಾರಿಗೋ ಗಟ್ಟಿಯಾಗಿ ಹೇಳುತ್ತಿದ್ದ: “ತಾಈ, ಓರಿಜಿನಲ್ ಪಾಹಿಜೆ ತರ್ ಇಥೇಚ್. ಬಾಜೂಲಾ ಫಕ್ತ ಬೋರ್ಡ್ ಓರಿಜಿನಲ್ ಆಹೆ.” ಅಸಲಿ ಮಾಲು ಇಲ್ಲಿ, ಪಕ್ಕದವರದು ಬೋರ್ಡಷ್ಟೇ ಅಸಲಿ ಎಂದು. ನಾನು ನನ್ನ ಮುಂದಿದ್ದ ಮುದುಕಿಗೆ ಅಷ್ಟೇ ಗಟ್ಟಿಯಾಗಿ, “ಮಾವಶೀ, ಕಾಹೀ ದುಕಾನಾತ್ ಆವಾಜ್ ಜಾಸ್ತ, ಮಾಲ್ ಕಮೀ,” ಎಂದೆ. ಕೆಲವು ಅಂಗಡಿಗಳಲ್ಲಿ ಸದ್ದು ಹೆಚ್ಚು, ಸರಕು ಕಡಿಮೆ. ಆಚೆ ಅವನು ನಕ್ಕದ್ದು ಕೇಳಿಸಿತು. ಮುದುಕಿ ಎರಡು ಖಣ ಹೆಚ್ಚಿಗೆ ಕೊಂಡಳು.

ಆಮೇಲೆ ಫೋನು, ಆಮೇಲೆ ಕ್ಯಾಂಪಿನಲ್ಲೇ ನಮ್ಮವರು ಯಾರೂ ಬಾರದ ಒಂದು ಹಣ್ಣಿನ ರಸದ ಅಂಗಡಿ. ಪ್ರೀತಿಯ ಬಗ್ಗೆ ಬರೆಯುವಾಗ ನನಗೆ ಹೆಚ್ಚು ಭಯ. ಸತ್ತವನ ಜೊತೆಗಿನ ಪ್ರೀತಿ ಬ್ಯಾಂಕಿನಲ್ಲಿಟ್ಟಂತೆ ಬೆಳೆಯುತ್ತಲೇ ಇರುತ್ತದೆ. ಅವನು ಬದುಕಿದ್ದರೆ ನಾವು ಜಗಳಾಡಿ ಬಿಟ್ಟುಬಿಡುತ್ತಿದ್ದೆವೇನೋ. ಅವನಿಗೆ ಪುಸ್ತಕ ಹಿಡಿಸುತ್ತಿರಲಿಲ್ಲ. ನಾನು ಹೇಳಿದ್ದನ್ನು ಅರ್ಧಕ್ಕೆ ತಡೆದು ತನ್ನ ಮಾತು ಹೇಳುತ್ತಿದ್ದ. ಎಷ್ಟು ತೊಳೆದರೂ ಅವನ ಕೈಗೆ ಕಾರ್ಖಾನೆಯ ವಾಸನೆ ಅಂಟಿಕೊಂಡಿರುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ, ಹಾಗೆಂದು ಹೇಳಿಯೂ ಇದ್ದೆ. ಇಷ್ಟೆಲ್ಲ ಇದ್ದೂ ರವಿವಾರ ಬಂದರೆ ನಾನು ಬೆಳಿಗ್ಗೆಯಿಂದ ಪ್ಲೈವುಡ್ಡಿಗೆ ಕಿವಿಗೊಟ್ಟು ಕೂರುತ್ತಿದ್ದೆ ಎಂಬುದು ನಿಜ.

“ಮೊದ್ಲ ನಮ್ಮಪ್ಪಗ ಕಾಕಾ ಅನ್ನೋದು ಬಿಡು. ಹಂಗಂದ್ರ ನಾ ನಿನಗ ಅಣ್ಣ ಆಗತೀನಿ,” ಎಂದಿದ್ದ ಒಮ್ಮೆ.

“ಮತ್ತೇನನ್ನಲಿ?”

“ಮಾವಾ ಅನ್ನು.”

“ಆ ಮಾವಾರು ದಿನಾ ಮುಂಜಾನೆ ನಮ್ಮ ಬೋರ್ಡ್ ನೋಡಿ ಉಗುಳ್ತಾರ. ಮಾವಾ ಅಂದ್ರ ನನ್ನ ಮ್ಯಾಲೆ ಉಗುಳ್ತಾರ.”

“ಅವರದು ಎಲಿಅಡಿಕಿ. ನಿಮ್ಮ ಬೋರ್ಡ್ ಅಡ್ಡ ಬಂದ್ರ ಅವರೇನು ಮಾಡ್ಬೇಕು?”

ಅವನು ತನ್ನ ಅವ್ವನಿಗೆ ನಮ್ಮ ವಿಷಯ ಹೇಳಿದ. ಅಪ್ಪನಿಗೆ ಹೇಳಲಿಲ್ಲ. ಕಾಕೂ ನನ್ನನ್ನು ನೋಡಬೇಕೆಂದರು. ಕಾಕಾ ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ ಹಡಪಸರದ ಅವರ ಮನೆಗೆ ಹೋದೆ. ಅವರು ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದರು, ಎಣ್ಣೆಗಾಯಿ ಬಡಿಸಿದರು. ನಾನು ಅವರ ಮನೆಯ ನೀರು ಕುಡಿದೆ. ಹಳೆಯದೇನನ್ನೂ ಅವರು ಎತ್ತಲಿಲ್ಲ. ನಮ್ಮವ್ವನ ಮಂಡಿನೋವು ಹೇಗಿದೆ ಎಂದಷ್ಟೇ ಕೇಳಿದರು. ನಾನು ಹೊರಡಲು ಎದ್ದೆ.

“ನಿಲ್ಲವಾ. ಖಾಲಿ ಹೊಂಟೀಯೇನು?”

ದೇವರ ಮುಂದಿದ್ದ ತಟ್ಟೆ ತಂದರು. ಎಲ್ಲ ಮೊದಲೇ ಜೋಡಿಸಿಟ್ಟಿದ್ದರು. ಮದುವೆಯಾಗದ ಹುಡುಗಿಗೆ ಕುಂಕುಮ ಹಚ್ಚಿ ಕಳಿಸುತ್ತಾರೆ, ಹೂ ಕೊಡುತ್ತಾರೆ. ಉಡಿ ತುಂಬುವುದಿಲ್ಲ. ತುಂಬಿದರೆ ಅದಕ್ಕೆ ಒಂದೇ ಅರ್ಥ: ಗಂಡಿನ ಮನೆಯವರು ಈ ಹುಡುಗಿಯನ್ನು ನಮ್ಮವಳೆಂದು ನಿಶ್ಚಯ ಮಾಡಿಕೊಂಡರು.

“ಕಾಕೂ, ನಂದಿನ್ನೂ ಮದುವಿ ಆಗಿಲ್ಲ.”

“ಗೊತ್ತದ. ಓಡ್ನಿ ಒಡ್ಡು.”

ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅಲ್ಲಿಯವರೆಗೆ ನಗುತ್ತಿದ್ದವನ ಮುಖ ಬಿಳಿಚಿಕೊಂಡಿತು. “ಅವ್ವಾ, ಅಪ್ಪಗ ಗೊತ್ತಿಲ್ಲದ ಇದೇನು ಮಾಡಾಕತ್ತಿ?”

“ನೀ ಸುಮ್ಕಿರು. ಇದು ಹೆಂಗಸರ ಕೆಲಸ.”

ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು. ಮೇಲೆ ಒಂದು ಹಸಿರು ಖಣ. ಕುರ್ತಾದ ಮೇಲಿನ ತೆಳು ಓಡ್ನಿ ಭಾರಕ್ಕೆ ಜಗ್ಗಿತು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಯಾಕೆ ಹಿಂದೆ ಸರಿಯಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಸಂತೋಷವಾಗಿತ್ತು, ಅಷ್ಟೇ. ನಮ್ಮಿಬ್ಬರ ಕೈಲಾಗದ್ದನ್ನು ಒಬ್ಬರು ದೊಡ್ಡವರು ಮಾಡಿ ಮುಗಿಸಿದರು ಎನಿಸಿತು.

ಉಡಿಯಕ್ಕಿಯನ್ನು ಚೆಲ್ಲಬಾರದು, ಬೇರೆಯವರಿಗೆ ಕೊಡಬಾರದು. ಮನೆಗೆ ಒಯ್ದು ಅಡುಗೆ ಮಾಡಿ ಉಣ್ಣಬೇಕು. ಇಂಥ ಪದ್ಧತಿಗಳ ಬಗ್ಗೆ ಸಮಾಜಶಾಸ್ತ್ರದ ತರಗತಿಯಲ್ಲಿ ಪ್ರಬಂಧ ಓದಿದವಳು ನಾನು. ದಾರಿಯಲ್ಲಿ ಎಲ್ಲಾದರೂ ಬಿಟ್ಟು ಹೋಗಬಹುದಿತ್ತು. ರಿಕ್ಷಾದಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಆ ಯೋಚನೆ ಬಂದಿತ್ತು, ಕೈ ಮಾತ್ರ ಏಳಲಿಲ್ಲ. ಮನೆಯಲ್ಲಿ ಅವ್ವ ಇಲ್ಲದ ಹೊತ್ತು ನೋಡಿ ಅಕ್ಕಿಯನ್ನು ನಮ್ಮ ಅಕ್ಕಿಯ ಡಬ್ಬಿಗೆ ಸುರಿದು ಕಲಸಿದೆ. ಖಣವನ್ನು ನನ್ನ ಬಟ್ಟೆಗಳ ಅಡಿಗಿಟ್ಟೆ. ಆ ವಾರವೆಲ್ಲ ಅಪ್ಪ ಆ ಅನ್ನ ಉಂಡರು.

ಖಣ ಅವ್ವನಿಗೆ ಸಿಕ್ಕಿತು. ಬಟ್ಟೆ ಮಡಚಿಡುವಾಗ ಕಂಡಿರಬೇಕು. ಸಂಶಯ ಪಡಲು ಕಾರಣವಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ಖಣ. ಬಂದ ಖಣವನ್ನು ಇನ್ನೊಬ್ಬರ ಉಡಿಗೆ ಹಾಕುವುದು ಹೆಂಗಸರ ರೂಢಿ. ಅದೇ ವಾರ ವಿಜಯಪುರದಿಂದ ಸೋದರಮಾವ ಮತ್ತು ಅವರ ಹೆಂಡತಿ ಅತ್ತಿ ಕಾರು ತೆಗೆದುಕೊಂಡು ಬಂದಿದ್ದರು. ಅವರು ಹೊರಡುವಾಗ ಅವ್ವ ಅದೇ ಹಸಿರು ಖಣವನ್ನು ಅತ್ತಿಯ ಉಡಿಗೆ ಹಾಕಿದಳು. ಅಪ್ಪ ಎದುರಿಗೇ ಕೂತಿದ್ದರು. ನಾನು ಬಾಗಿಲಲ್ಲಿದ್ದೆ.

ಅಪ್ಪ ಎದ್ದು ಬಂದು ಅತ್ತಿಯ ಉಡಿಯೊಳಗೆ ಕೈ ಹಾಕಿ ಖಣ ತೆಗೆದುಕೊಂಡರು. ತುಂಬಿದ ಉಡಿಯಿಂದ ಗಂಡಸೊಬ್ಬ ವಸ್ತು ತೆಗೆಯುವುದನ್ನು ಯಾರೂ ಕಂಡಿರಲಿಲ್ಲ. ಅತ್ತಿ ಹೌಹಾರಿ ಒಂದು ಹೆಜ್ಜೆ ಹಿಂದೆ ಹೋದಳು, ಅಕ್ಕಿ ನೆಲಕ್ಕೆ ಚೆಲ್ಲಿತು. ಅಪ್ಪ ಖಣದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

“ಇದು ನಮ್ಮ ಮಾಲಲ್ಲ. ಇದು ಅವರಿಗೆ ನೇಯೋನ ಕೈ. ಅಂಚಿನಾಗ ಎರಡು ಎಳಿ ಕೂಡಿಸಿ ಹೊಡೀತಾನ. ಮನಿಗೆ ಹೆಂಗ ಬಂತು?”

ಅವ್ವ ನನ್ನತ್ತ ನೋಡಿದಳು.

“ಕಾಕೂ ಕೊಟ್ಟಾರ,” ಎಂದೆ. “ಉಡಿ ತುಂಬ್ಯಾರ.”

ಅಪ್ಪ ಹೊಡೆಯಲಿಲ್ಲ. ನೆಲದ ಮೇಲಿನ ಅಕ್ಕಿ ತುಳಿಯದಂತೆ ಬಳಸಿ ಹೋಗಿ ಕುರ್ಚಿಯಲ್ಲಿ ಕೂತರು. “ಆಕಿ ಸೇಡು ತೀರಿಸಿಕೊಂಡ್ಳು,” ಎಂದರು. “ಅರಿವಿ ಅಂಗಡಿಯವನ ಹೆಂಡ್ತಿ ಆಕಿ. ಈ ಖಣ ನನ್ನ ಕಣ್ಣಿಗೆ ಬೀಳತದ, ನಾ ಗುರುತು ಹಿಡೀತೀನಿ ಅಂತ ಗೊತ್ತಿಲ್ಲೇನು ಆಕಿಗೆ? ನನ್ನ ಕೇಳದ ನನ್ನ ಮಗಳನ್ನ ತಗೊಂಡ್ಳು. ಅದೂ ನನಗ ತಿಳಿಯೋ ಹಂಗ ತಗೊಂಡ್ಳು.”

ನಾನು ಅದನ್ನು ನಂಬಲಿಲ್ಲ. ಆಮೇಲೆ ನಂಬಿದೆ. ಈಗ ಎರಡನ್ನೂ ನಂಬುತ್ತೇನೆ. ಅಂಗಡಿಯಲ್ಲಿ ಎಷ್ಟೋ ಬಗೆಯ ಖಣಗಳಿದ್ದವು, ಮಾರ್ಕೆಟ್ಟಿನಲ್ಲಿ ಯಾರ ಕೈಯೆಂದು ತಿಳಿಯದ ಮಿಲ್ಲಿನ ಬಟ್ಟೆ ಬೇಕಾದಷ್ಟು ಸಿಗುತ್ತಿತ್ತು. ಕಾಕೂ ಇದನ್ನೇ ಆರಿಸಿಕೊಂಡರು. ಮನೆಯಲ್ಲಿದ್ದ ಒಳ್ಳೆಯದನ್ನು ಸೊಸೆಗೆ ಕೊಡಬೇಕೆಂದು ಕೊಟ್ಟಿರಬಹುದು. ಒಳ್ಳೆಯ ಖಣ ಕೊಡುವ ಕೈಯಲ್ಲೇ ಹಳೆಯ ಅವಮಾನಕ್ಕೆ ಉತ್ತರವನ್ನೂ ಕೊಟ್ಟಿರಬಹುದು.

ನನ್ನ ಫೋನು ಅಪ್ಪನ ಜೇಬಿಗೆ ಹೋಯಿತು. ಮಾವ ಮತ್ತು ಅತ್ತಿ ಅವತ್ತೇ ನನ್ನನ್ನು ತಮ್ಮ ಕಾರಿನಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೊರಟರು. ಹಡಪಸರ ದಾಟುವಾಗ ಅವನ ಮನೆಯ ಕಡೆಯ ತಿರುವು ಕಂಡಿತು. ಕುರಕುಂಭ ದಾಟುವಾಗ ಗಾಳಿಯಲ್ಲಿ ಅವನ ಕೈಯ ವಾಸನೆ ಇತ್ತು. ಅತ್ತಿ ಮೂಗಿಗೆ ಸೆರಗು ಹಿಡಿದು, “ಥೂ, ಇದರಾಗ ಮನಷ್ಯಾರು ಹೆಂಗ ಇರತಾರೋ,” ಎಂದಳು.

ವಿಜಯಪುರದಲ್ಲಿ ಮಾವ ಒಂದು ಸಂಬಂಧ ನೋಡಿದರು. ಗೊಬ್ಬರದ ಅಂಗಡಿಯವರ ಮಗ, ಪದವಿ ಓದಿದವನು. ನೋಡಿಕೊಂಡು ಹೋದರು, ಒಪ್ಪಿದರು. ಬರುವ ಶುಕ್ರವಾರ ಬಂದು ಉಡಿ ತುಂಬುವುದು ಎಂದಾಯಿತು. ನಾನು ಅತ್ತಿಗೆ ಹೇಳಿದೆ: “ಅತ್ತೀ, ನಂದು ತುಂಬಿದ ಉಡಿ. ಎರಡನೇ ಸಲ ಒಡ್ಡಂಗಿಲ್ಲ.”

ಅತ್ತಿ ಕೆಟ್ಟವಳಲ್ಲ. ನನ್ನ ತಲೆ ಬಾಚುತ್ತಲೇ ಹೇಳಿದಳು: “ಗಂಡಸರು ಕೂಡದ, ಹಿರೇರು ಇಲ್ಲದ, ಒಬ್ಬಾಕಿ ಅಡಗೀಮನ್ಯಾಗ ತುಂಬಿದ್ದು ಉಡಿ ಅಲ್ಲವಾ. ಅದು ಅಕ್ಕಿ.”

“ನಿಮ್ಮ ಉಡಿಯಿಂದ ಅಪ್ಪ ಖಣ ತಗೊಂಡಾಗ ಯಾಕ ಅಷ್ಟ ಹೆದರಿದ್ರಿ ಮತ್ತ? ಅದೂ ಅಕ್ಕಿನ ಅಲ್ಲೇನು?”

ಅವಳು ಬಾಚಣಿಗೆ ಕೆಳಗಿಟ್ಟು ಎದ್ದು ಹೋದಳು.

ಶುಕ್ರವಾರ ಸೆರಗು ಒಡ್ಡುವುದಿಲ್ಲ ಎಂದು ನಾನು ನಿರ್ಧರಿಸಿದ್ದೆ. ಎಲ್ಲರ ಮುಂದೆ ಕೈ ಕಟ್ಟಿಕೊಂಡು ಕೂರುವುದು. ಬಲವಂತವಾಗಿ ಸುರಿದರೆ ಕೆಳಗೆ ಬೀಳಲಿ. ಇದನ್ನು ಅವನಿಗೆ ತಿಳಿಸಲು ನನ್ನ ಹತ್ತಿರ ದಾರಿ ಇರಲಿಲ್ಲ. ಅವನು ನಮ್ಮ ಅಂಗಡಿಗೇ ಬಂದು ಅಪ್ಪನನ್ನು ಕೇಳಿದ್ದನಂತೆ. ನಮ್ಮಲ್ಲಿ ಬಟ್ಟೆ ತೋರಿಸುತ್ತಿದ್ದ ಹಳೆಯ ಸೇಲ್ಸ್‌ಮನ್ ಬಹಳ ದಿನದ ಮೇಲೆ ನನಗೆ ಹೇಳಿದ್ದು ಇದು.

“ಕಾಕಾ, ಆಕಿನ್ನ ಎಲ್ಲಿ ಕಳಿಸೀರಿ?”

“ಖಣ ಬೇಕಾದ್ರ ಕೇಳು, ತೋರಸ್ತೀವಿ. ಬ್ಯಾರೆ ಏನೂ ನಿನಗ ಕೊಡೋದು ಇಲ್ಲಿಲ್ಲ.”

“ಮಾತಾಡಿದ್ರ ಮುಗೀತದ್ರಿ. ನಾ ನಮ್ಮಪ್ಪನ್ನ ಕರಕೊಂಡು ಬರತೀನಿ.”

“ನಿಮ್ಮಪ್ಪ ಬರಂಗಿಲ್ಲ. ಅವ ನನ್ನ ಮಣ್ಣಿಗೂ ಬರಂಗಿಲ್ಲ ಅಂದಾನ, ಮಗಳ ಮದುವಿಗೆ ಬರತಾನೇನು?”

ಶುಕ್ರವಾರ ಬರಲಿಲ್ಲ. ಅದರ ಹಿಂದಿನ ದಿನ ಬೆಳಿಗ್ಗೆ ಸೊಲ್ಲಾಪುರ ರಸ್ತೆಯಲ್ಲಿ, ಕುರಕುಂಭ ಇನ್ನೂ ಮುಂದಿರುವಾಗಲೇ, ಅವನ ಬೈಕು ಕಬ್ಬು ತುಂಬಿದ ಟ್ರಾಲಿಗೆ ಹಿಂದಿನಿಂದ ಬಡಿಯಿತು. ಅವನು ಅಲ್ಲೇ ಹೋಗಿಬಿಟ್ಟ.

ನನ್ನನ್ನು ಇಷ್ಟು ವರ್ಷ ಕೊರೆಯುತ್ತಿರುವುದು ಆ ರಸ್ತೆ. ಅವನ ಕಾರ್ಖಾನೆಗೆ ಹೋಗುವ ದಾರಿ ಅದೇ, ವಿಜಯಪುರಕ್ಕೆ ಬರುವ ದಾರಿಯೂ ಅದೇ. ಕುರಕುಂಭ ದಾಟಿದ ಮೇಲೆ ಬಿದ್ದಿದ್ದರೆ ನನ್ನ ಕಡೆಗೇ ಹೊರಟಿದ್ದ ಎಂದು ತಿಳಿಯುತ್ತಿತ್ತು. ದಾಟಲಿಲ್ಲ. ಡಬ್ಬಿ ಕಟ್ಟಿಸಿಕೊಂಡು ಹೋದ, ಹಾಗಾಗಿ ಕೆಲಸಕ್ಕೇ ಹೋಗಿದ್ದು ಎಂದು ಅವರ ಮನೆಯವರು ಹೇಳಿದರು. ಅವತ್ತು ರಜೆ ಹಾಕಿದ್ದ ಎಂದು ಅವನ ಜೊತೆ ಕೆಲಸ ಮಾಡುವವನೊಬ್ಬ ಹೇಳಿದ. ಕಂಪನಿಯ ಬಸ್ಸಿದ್ದರೂ ಬೈಕಿನಲ್ಲಿ ಯಾಕೆ ಹೋದ? ಬಸ್ಸು ತಪ್ಪಿದಾಗ ಬೈಕಿನಲ್ಲಿ ಹೋಗುವುದು ಅವನಿಗೆ ಹೊಸದಲ್ಲ. ನಮ್ಮ ಕಥೆ ಕೇಳಿದವರೆಲ್ಲ ನನಗಾಗಿಯೇ ಹೊರಟಿದ್ದ ಎನ್ನುತ್ತಾರೆ, ಅವರಿಗೆ ಕಥೆ ಹಾಗೆ ಬೇಕು. ನನಗೂ ಎಷ್ಟೋ ಸಲ ಹಾಗೇ ಬೇಕಾಗುತ್ತದೆ. ಗೊತ್ತಿಲ್ಲ ಎಂದು ಬರೆಯುವುದೇ ಅವನಿಗೆ ನಾನು ಸಲ್ಲಿಸಬಹುದಾದ ನ್ಯಾಯ.

ಹೆಣವನ್ನು ಊರಿಗೆ ತಂದರು. ಅದೇ ರಸ್ತೆಯಲ್ಲಿ ಬಂತು. ಹೋಗದಿದ್ದರೆ ಜನ ಏನಂದಾರು ಎಂದು ಅತ್ತಿ ನನ್ನನ್ನೂ ಕರೆದುಕೊಂಡು ಹೋದಳು. ಗಾಡಿಯಿಂದ ಮೊದಲು ಇಳಿದವರು ನಮ್ಮಪ್ಪ. ಅವರ ಹಿಂದೆ ಕಾಕಾ, ಅಪ್ಪನ ಭುಜ ಹಿಡಿದುಕೊಂಡು. ಪುಣೆಯಿಂದ ಅಲ್ಲಿಯವರೆಗೆ ಇಬ್ಬರೂ ಹೆಣದ ಪಕ್ಕ ಒಂದೇ ಸೀಟಿನಲ್ಲಿ ಕೂತು ಬಂದಿದ್ದರು. ಅಂಗಳದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. “ಅಣ್ಣಾ, ನನ್ನ ಮಣ್ಣಿಗಲ್ಲೋ, ನನ್ನ ಮಗನ ಮಣ್ಣಿಗೆ ಬಂದೀಯಲ್ಲೋ,” ಎಂದು ಕಾಕಾ ಕೂಗಿದರು.

ನೆರೆದ ಜನ ಅದನ್ನು ನೋಡಿ ಅತ್ತಷ್ಟು ಅವನನ್ನು ನೋಡಿ ಅಳಲಿಲ್ಲ. ಹಾಗೆಂದು ನನಗೆ ನೆನಪು. ಈ ನೆನಪಿನಲ್ಲಿ ನನ್ನ ಸಿಟ್ಟು ಬೆರೆತಿರಬಹುದು. “ಹುಡುಗ ಹೋದ್ರೂ ಎರಡು ಮನಿ ಕೂಡಿಸಿ ಹೋದ,” ಎಂದು ಒಬ್ಬ ಹಿರಿಯರು ಹೇಳಿದ್ದಂತೂ ನಾನೇ ಕೇಳಿದ್ದು. ಮಾತು ಊರೆಲ್ಲ ತಿರುಗಿತು. ಸಂಜೆಯ ಹೊತ್ತಿಗೆ ಅವನು ಎರಡು ಮನೆ ಕೂಡಿಸಲೆಂದೇ ಹೋದವನಂತಾಗಿದ್ದ. ಗುಂಡಿಗೆ ಮಣ್ಣು ಹಾಕಲು ಹೆಂಗಸರನ್ನು ಬಿಡಲಿಲ್ಲ. ಅಪ್ಪ ಹಾಕಿದರು.

ದಿನಕರ್ಮ ಮುಗಿದ ಮೇಲೆ ಹಿರಿಯರು ಅವರ ಊರಮನೆಯ ಪಡಸಾಲೆಯಲ್ಲಿ ಕೂತರು. ಎರಡೂ ಮನೆಯವರಿದ್ದರು. ಮಾತು ತೆಗೆದವರು ಮಾವ. ಉಡಿಯ ಸುದ್ದಿ ಗೊಬ್ಬರದ ಅಂಗಡಿಯವರ ಕಿವಿಗೆ ಬಿದ್ದಿತ್ತು. ಸತ್ತವನ ಮನೆಯಿಂದ ಉಡಿ ತುಂಬಿಸಿಕೊಂಡವಳು ಎಂದರೆ ನಾನು ಯಾರು? ಹೆಂಡತಿಯಲ್ಲ, ವಿಧವೆಯಲ್ಲ, ಆದರೆ ಶುಭಕ್ಕೆ ನಿಲ್ಲಿಸುವಂಥ ಹುಡುಗಿಯೂ ಅಲ್ಲ. “ಇದೊಂದು ಎಲ್ಲಾರ ಮುಂದ ಖುಲ್ಲಾ ಆಗಿಬಿಡ್ಲಿ,” ಎಂದು ಮಾವ ಕಾಕೂ ಕಡೆ ತಿರುಗಿದರು. “ತಂಗೀ, ನೀನ ಹೇಳು. ತುಂಬೀಯೋ ಇಲ್ಲೋ?”

ಕಾಕೂ ಗೋಡೆಗೊರಗಿ ಕೂತಿದ್ದರು. ಕೂದಲು ಬಾಚಿರಲಿಲ್ಲ. ಎಲ್ಲರೂ ಅವರತ್ತ ನೋಡಿದರು. ನಾನು ಒಳಬಾಗಿಲಲ್ಲಿ ನಿಂತು ನೋಡಿದೆ. ಅವನಿಗೆ ನಾನು ಏನಾಗಿದ್ದೆ ಎಂದು ಹೇಳಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

“ಇಲ್ಲ,” ಎಂದರು ಕಾಕೂ. “ಕುಂಕುಮ ಹಚ್ಚಿ ಕಳಿಸೀನಿ. ಕುಪ್ಪಸಕ್ಕ ಇರಲಿ ಅಂತ ಒಂದು ಖಣ ಕೊಟ್ಟೀನಿ. ಉಡಿ ತುಂಬಿಲ್ಲ.”

ಕೂತವರೆಲ್ಲ ಹಗುರಾದರು. ಅಪ್ಪನ ಭುಜ ಇಳಿದದ್ದು ನನಗೆ ಕಂಡಿತು.

“ತುಂಬ್ಯಾರ,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಅಕ್ಕಿ ತಂದು ನಮ್ಮ ಮನಿ ಡಬ್ಬ್ಯಾಗ ಹಾಕೀನಿ. ಅಪ್ಪಾರೂ ಅದನ್ನ ಉಂಡಾರ. ನಾ ಅವರ ಸೊಸಿ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ದುಃಖದಾಗ ಅದಾಳ, ಒಳಗ ಕರಕೊಂಡು ಹೋಗ್ರಿ,” ಎಂದರು ಹಿರಿಯರೊಬ್ಬರು, ಜ್ವರದಲ್ಲಿ ಬಡಬಡಿಸುವವಳ ಬಗ್ಗೆ ಹೇಳುವಂತೆ. ಕಾಕಾ ಅಪ್ಪನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಕಾಕೂ ನನ್ನತ್ತ ನೋಡಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಏನೂ ಅನ್ನದೆ ಹೊರಟೆವು.

ಗೊಬ್ಬರದ ಅಂಗಡಿಯವರು ನಿಧಾನವಾಗಿ ಹಿಂದೆ ಸರಿದರು. ಆಮೇಲೆ ಬಂದ ಸಂಬಂಧಗಳಿಗೆ ನಾನು ಒಪ್ಪಲಿಲ್ಲ. ಓದು ಮುಗಿಸಿದೆ. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕಾತ್ರಜದಲ್ಲಿ ಬಾಡಿಗೆಗೆ ಇದ್ದೇನೆ. ಅವನ ಸಾವಿನ ವರ್ಷ ತುಂಬುವ ಮೊದಲೇ ಪ್ಲೈವುಡ್ ಗೋಡೆ ತೆಗೆಸಿದರು. ಅಂಗಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತದೆ; ಪುಣೆಯ ಹುಡುಗಿಯರು ಈಗ ಖಣದಲ್ಲಿ ಚೀಲ, ಕುರ್ತಾ ಎಲ್ಲ ಹೊಲಿಸಿಕೊಳ್ಳುತ್ತಾರೆ. ಗಲ್ಲಾದ ಮೇಲೆ ಅವನ ಫೋಟೋ ಇದೆ. ಅಪ್ಪ ದಿನಾ ಅದಕ್ಕೆ ಹಾರ ಬದಲಿಸುತ್ತಾರೆ ಎಂದು ಅವ್ವ ಹೇಳುತ್ತಾಳೆ. ನಾನು ಒಮ್ಮೆ ಹೋಗಿದ್ದೆ, ಮತ್ತೆ ಹೋಗಿಲ್ಲ.

ಹೋದ ಶ್ರಾವಣದಲ್ಲಿ ಕಾಕೂ ನನ್ನ ಮನೆಗೆ ಬಂದರು. ತಾವಾಗಿಯೇ, ಒಬ್ಬರೇ, ಬಸ್ಸಿನಲ್ಲಿ. ಬಹಳ ಬಡಕಲಾಗಿದ್ದರು. ಚಹಾ ಕೊಟ್ಟೆ. ಕಾಲೇಜು, ಮನೆ, ನೀರು ಬರುವ ಹೊತ್ತು, ಎಲ್ಲ ವಿಚಾರಿಸಿದರು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ನಾನು ಕೇಳಿಬಿಟ್ಟೆ.

“ಕಾಕೂ, ಅವತ್ತ ಯಾಕ ಇಲ್ಲ ಅಂದ್ರಿ?”

“ಯಾವತ್ತವಾ?”

“ಊರಾಗ, ಎಲ್ಲಾರ ಮುಂದ. ಉಡಿ ತುಂಬಿಲ್ಲ ಅಂದ್ರಲ್ಲ.”

ಅವರು ಚಹಾದ ಕಪ್ಪು ಕೆಳಗಿಟ್ಟರು. ನನ್ನನ್ನು ಉಳಿಸಲು ಹಾಗೆಂದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಹೆದರಿ ಹಾಗೆಂದೆ ಎಂದಿದ್ದರೂ ಆಗುತ್ತಿತ್ತು. ಸೇಡು ತೀರಿತ್ತು ಎಂದಿದ್ದರೂ ಆಗುತ್ತಿತ್ತು.

“ತುಂಬಿದ್ನೇನವಾ ನಾ?” ಎಂದು ಕೇಳಿದರು.

“ತುಂಬಿದ್ರಿ.”

“ನೆನಪಿಲ್ಲವಾ. ಖರೇನ ನೆನಪಿಲ್ಲ. ಅವ ಹೋದದ್ದೊಂದ ನೆನಪದ. ಅದಕ್ಕಿಂತ ಮೊದಲಿಂದು ಎಲ್ಲಾ ಹಿಟ್ಟು ಜರಡಿ ಹಿಡದಂಗ ಸೋರಿ ಹೋಗ್ಯಾದ.”

ಮುಖವನ್ನೇ ನೋಡಿದೆ. ಸುಳ್ಳು ಕಾಣಲಿಲ್ಲ. ಸುಳ್ಳಾಗಿದ್ದರೆ ನಾನು ಸಿಟ್ಟಾಗಬಹುದಿತ್ತು.

“ಹೇಳವಾ, ಅವತ್ತೇನಾತು?” ಎಂದು ನನ್ನ ಕಡೆಗೆ ಸರಿದು ಕೂತರು. “ಅವ ಅಲ್ಲೇ ಇದ್ನೇನು?”

ಹೇಳಿದೆ. ರೊಟ್ಟಿ, ಎಣ್ಣೆಗಾಯಿ, ದೇವರ ಮುಂದಿನ ತಟ್ಟೆ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು. ಅವರು ಬೇರೆ ಯಾರದೋ ಮನೆಯ ಸುದ್ದಿ ಕೇಳುವವರಂತೆ, ಒಂದು ಮಾತೂ ಬಿಡದಂತೆ ಕೇಳಿದರು.

“ಯಾವ ಅಂಗಿ ಹಾಕ್ಕೊಂಡಿದ್ದ?”

“ನೀಲಿದು,” ಎಂದೆ. ನೀಲಿಯೋ ಅಲ್ಲವೋ ನನಗೆ ತಿಳಿಯದು.

“ನಾ ತುಂಬೋದು ನೋಡಿ ಏನಂದ? ನಗ್ತಿದ್ನೇನು?”

ಬಾಗಿಲಲ್ಲಿ ಬಿಳಿಚಿಕೊಂಡ ಆ ಮುಖ ಕಣ್ಣ ಮುಂದೆ ಬಂತು.

“ನಗ್ತಿದ್ದ,” ಎಂದೆ.

“ಹೌದು, ನಗ್ತಿದ್ದ,” ಎಂದು ಕಾಕೂ ತಲೆಯಾಡಿಸಿದರು, ತಮಗೂ ನೆನಪಾದವರಂತೆ.